ನಿಂಗಮ್ಮನ ಎಮ್ಮೆಯೂ ನನ್ನ ಗೊಬ್ಬರದ ಗುಂಡಿಯೂ

ಉಪನ್ಯಾಸ ಕೇಳಿ ಸುಮ್ಮನಿರುವವರಿಂದ ಲೋಕಕ್ಕೆ ಯಾವ ತೊಂದರೆಯೂ ಇಲ್ಲ. ಕೇಳಿದ್ದನ್ನು ಮನೆಗೆ ಬಂದು ಜಾರಿಗೆ ತರುವವರದೇ ಕಾಟ. ನಾನು ಎರಡನೆಯ ಜಾತಿಯವನು.

ಎಪ್ಪತ್ತರ ದಶಕದ ಮಾತು. ಮನೆ ಮದ್ದೂರಿನಲ್ಲಿ, ಗುಮಾಸ್ತಿಕೆ ಮಂಡ್ಯದಲ್ಲಿ. ಒಂದು ಸಂಜೆ ಅಲ್ಲಿ ಕೃಷಿ ಅಧಿಕಾರಿಯೊಬ್ಬರು, ಅಡುಗೆಮನೆಯ ಕಸವನ್ನು ಗುಂಡಿಗೆ ಹಾಕಿ ಗೊಬ್ಬರ ಮಾಡದವನು ದೇಶದ್ರೋಹಿ ಎಂಬ ಧಾಟಿಯಲ್ಲಿ ಮಾತಾಡಿದರು. ಬಸ್ಸು ಗೆಜ್ಜಲಗೆರೆ ದಾಟುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಹಿತ್ತಿಲಲ್ಲಿ ಗುಂಡಿ ತೋಡಿ ಮುಗಿಸಿದ್ದೆ. ನಿಜವಾಗಿ ತೋಡಲು ಎರಡು ಭಾನುವಾರ ಹಿಡಿಯಿತು, ಸೊಂಟವೂ ಹಿಡಿಯಿತು.

ಹಾಗೆಂದು ನಮ್ಮ ಬೀದಿಯಲ್ಲಿ ಯಾರೂ ಅನ್ನ ಚೆಲ್ಲುತ್ತಿರಲಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಮುದ್ದೆ ಎಲ್ಲವೂ ಹಿತ್ತಿಲ ಬಾಗಿಲಿನ ಕಲಗಚ್ಚಿನ ಬಕೆಟ್ಟಿಗೆ, ಅಲ್ಲಿಂದ ನಮಗೆ ಹಾಲು ಹಾಕುವ ನಿಂಗಮ್ಮನ ಎಮ್ಮೆಗೆ, ಎಮ್ಮೆಯಿಂದ ಗಟ್ಟಿ ಹಾಲಾಗಿ ನನ್ನ ಕಾಫಿಗೆ. ಈ ಏರ್ಪಾಡನ್ನು ನಾನು ಒಂದೇ ಮಾತಿನಲ್ಲಿ ರದ್ದು ಮಾಡಿದೆ. ನಿಂಗಮ್ಮ ಖಾಲಿ ಬಕೆಟ್ಟು ನೋಡಿ, "ನಿಮ್ಮಿಷ್ಟ ಕಣ್ ಸ್ವಾಮಿ" ಎಂದು ಹೋದಳು.

ಮಾರನೆಯ ದಿನದಿಂದ ಕಾಫಿಯಲ್ಲಿ ಲೋಟದ ತಳ ಕಾಣತೊಡಗಿತು. ಕಾಫಿ ಕೆಟ್ಟರೆ ನಾನು ಮನುಷ್ಯನೇ ಅಲ್ಲ. ಕಚೇರಿಯಲ್ಲಿ ಜವಾನನ ಮೇಲೂ ರೇಗಿದೆ. ಇತ್ತ ಹುಳಿ, ಮಜ್ಜಿಗೆ ಕುಡಿದ ಗುಂಡಿ ಗೊಬ್ಬರವಾಗುವ ಬದಲು ನಾರತೊಡಗಿತು. ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. "ಕಾಫಿಯೂ ಹೋಯಿತು, ಮರ್ಯಾದೆಯೂ ಹೋಯಿತು. ಇನ್ನೇನು ಹಾಕಬೇಕು ಆ ಗುಂಡಿಗೆ?" ಎಂದಳು ಹೆಂಡತಿ.

ಆಗ ನೆನಪಾಯಿತು. ಕಸದ ನಡುನಡುವೆ ಸಗಣಿ ಹಾಕಬೇಕೆಂದು ಅಧಿಕಾರಿಗಳು ಹೇಳಿದ್ದರು. ಸಗಣಿ ಕೇಳಲು ನಿಂಗಮ್ಮನ ಕೊಟ್ಟಿಗೆಗೇ ಹೋದೆ.

"ಕಲಗಚ್ಚು ಕೊಡಾಕಿಲ್ಲ ಅಂದ್ರಿ. ಈಗ ಸಗಣಿ ಬೇಕು ಅಂತೀರಿ. ನಮ್ಮೆಮ್ಮೆ ಏನ್ ಗಾಳಿ ಕುಡ್ದು ಸಗಣಿ ಆಕ್ತದಾ ಸ್ವಾಮಿ?"

ಕೊನೆಗೆ ರಾಜಿಯಾಯಿತು: ಕಲಗಚ್ಚು ಎಮ್ಮೆಗೆ, ಸಗಣಿಯೂ ತರಗೆಲೆಯೂ ಗುಂಡಿಗೆ, ಗಟ್ಟಿ ಹಾಲು ನನಗೆ. ನಿಂಗಮ್ಮನದು ಒಂದೇ ಷರತ್ತು. "ಜಗಳ ತಗ್ದೋರು ನೀವು, ಬಕೆಟ್ಟು ಒರೋರೂ ನೀವೇಯ."

ಅಂದಿನಿಂದ ದಿನಾ ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ ಬಕೆಟ್ಟು ಹೊತ್ತೆ. ಕೆಲವೇ ದಿನಗಳಲ್ಲಿ, ಬೀದಿಯ ತಿರುವಿನಲ್ಲಿ ನನ್ನನ್ನು ಕಂಡೊಡನೆ ಎಮ್ಮೆ ಕೂಗತೊಡಗಿತು. ನನಗೆ ಒಳಗೊಳಗೇ ಖುಷಿ. ಕಚೇರಿಯಲ್ಲಾಗಲಿ ಮನೆಯಲ್ಲಾಗಲಿ ನನ್ನ ದಾರಿಯನ್ನು ಇಷ್ಟು ಆಸೆಯಿಂದ ಕಾದವರಿಲ್ಲ. ತಡೆಯಲಾರದೆ ಹೆಂಡತಿಗೆ ಹೇಳಿದೆ.

"ಒಂದು ದಿನ ಬಕೆಟ್ಟಿಲ್ಲದೆ ಹೋಗಿ ನೋಡಿ" ಎಂದಳು.

ಹೋದೆ. ಎಮ್ಮೆ ನನ್ನ ಎರಡೂ ಕೈಗಳನ್ನು ನೋಡಿತು. ಆಮೇಲೆ ನಿಧಾನವಾಗಿ ಬೆನ್ನು ತಿರುಗಿಸಿ ನಿಂತಿತು.

ಮನೆಗೆ ಬಂದಾಗ ಹೆಂಡತಿ ಏನಾಯಿತೆಂದು ಕೇಳಿದಳು. ಪಾಪ, ಎಮ್ಮೆಗೆ ಮೈ ಸರಿಯಿಲ್ಲ ಎಂದೆ.