ಭಾವನ ಡಬ್ಬ, ವೇಣೂರಿನ ಕೋಳಿ

ನವೆಂಬರ್ ಎಂಟು, ಶನಿವಾರ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನದಿಂದ ಮೋಡ, ಆಗಾಗ ತುಂತುರು.

ಮಾತು ಕಡಿಮೆ ಆಡುವವನಿಗೆ ಫಜೀತಿಯೂ ಕಡಿಮೆ ಎಂದು ತಿಳಿದಿದ್ದೆ. ಹಾಗೇನಿಲ್ಲ, ಅದು ಮನೆ ಹುಡುಕಿಕೊಂಡು ಬರುತ್ತದೆ. ಈ ಸಲ ಭಾವನ ಮೂಲಕ ಬಂತು. ಬೆಳ್ತಂಗಡಿಯಲ್ಲಿರುವ ನನ್ನ ಹೆಂಡತಿಯ ಅಣ್ಣನಿಗೆ ರಾಕ್ ಸಂಗೀತದ ಹುಚ್ಚು. ಅವರ ಆಂಪ್ಲಿಫೈಯರನ್ನು, ಅಂದರೆ ಗಿಟಾರಿನ ಸದ್ದನ್ನು ಊರಿಗೆಲ್ಲ ಕೇಳಿಸುವ ಡಬ್ಬವನ್ನು, ಗಿಟಾರ್ ಕಲಿಯಲೆಂದು ತಂದವನು ಸುಟ್ಟುಬಿಟ್ಟಿದ್ದೆ. ಅವರಿಗೆ ಹೇಳಿರಲಿಲ್ಲ. ಭಾನುವಾರ ಊಟಕ್ಕೆ ಬಂದು ಅದನ್ನು ಒಯ್ಯುತ್ತೇನೆ ಎಂದು ಅವರು ಫೋನ್ ಮಾಡಿದರು. ಫಾರ್ಮ್ ಕೋಳಿ ಮುಟ್ಟುವುದಿಲ್ಲ ಎಂದೂ ನೆನಪಿಸಿದರು.

ಹಾಗಾಗಿ ಶನಿವಾರ ಎರಡು ಕೆಲಸ: ವೇಣೂರಿನಿಂದ ಊರ ಕೋಳಿ, ಮೂಡುಬಿದಿರೆಯ ರಿಪೇರಿ ಅಂಗಡಿಯಿಂದ ಡಬ್ಬ. ಒಂದು ತಪ್ಪಿದರೂ ಭಾವನಿಗೆ ಮುಖ ತೋರಿಸುವಂತಿರಲಿಲ್ಲ.

ಮಿಕ್ಸಿ

ಬಂಟ್ವಾಳ ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ನನ್ನ ಬ್ಯಾರಿ ಗೆಳೆಯ ಸ್ಕೂಟರಿನ ಹಿಂದೆ ಕೂತ. ವೇಣೂರಿನಲ್ಲಿ ಕೋಳಿ ಸಿಕ್ಕಿತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಅವನು ರಿಪೇರಿ ಅಂಗಡಿಗೂ ಬಂದ.

ಡಬ್ಬ ತಯಾರಾಗಿತ್ತು. ನನಗೆ ನಂಬಿಕೆ ಬರಲಿಲ್ಲ. ಒಮ್ಮೆ ಹಾಕಿ ತೋರಿಸಿ ಎಂದೆ. ಅಂಗಡಿಯವರು ಫೋನಿನಿಂದ ಒಂದು ರಾಕ್ ಹಾಡು ಹಾಕಿದರು. ಗಿಟಾರ್ ಒಳ್ಳೆಯ ಕರ್ಕಶವಾಗಿ ಕಿರುಚಿತು. ನನಗೆ ನೆಮ್ಮದಿಯಾಯಿತು.

ರಿಪೇರಿಗೆಂದು ಮಿಕ್ಸಿ ಹಿಡಿದು ಅಲ್ಲಿ ಕಾದಿದ್ದ ಒಬ್ಬ ಅಮ್ಮ ಮಾತ್ರ ಹಿಂದೆ ಸರಿದು, "ಇವರದ್ದೇ ಮೊದಲು ನೋಡಿ. ನನ್ನದು ಇಷ್ಟು ಹಾಳಾಗಲಿಲ್ಲ" ಎಂದರು.

ಕ್ಯಾಚ್

ಸಿದ್ಧಕಟ್ಟೆ ದಾಟುವಾಗ ತುಂತುರು ಶುರುವಾಯಿತು. ಡಬ್ಬ ನೆನೆದರೆ ಮುಗಿಯಿತು. ರಸ್ತೆ ಬದಿಯ ಮೈದಾನದಲ್ಲಿ ಯುವಕ ಮಂಡಲದವರ ಅಂಡರ್ ಆರ್ಮ್ ಕ್ರಿಕೆಟ್ ನಡೆದಿತ್ತು. ಶಾಮಿಯಾನ ಕಂಡದ್ದೇ ಗಾಡಿ ನಿಲ್ಲಿಸಿದೆ. "ಹೇಗೂ ನಿಂತೆವಲ್ಲ, ಎರಡು ಓವರ್ ನೋಡಿ ಹೋಗುವ ಮಾರಾಯ" ಎಂದ ಗೆಳೆಯ. ನೆಲ ಒದ್ದೆ ಇದ್ದುದರಿಂದ ಡಬ್ಬವನ್ನು ಒಂದು ಮೇಜಿನ ಮೇಲೆ, ಬಾಳೆಗೊನೆ, ಸಿಹಿಗುಂಬಳಗಳ ಪಕ್ಕ ಇಟ್ಟೆ.

ಯಾರೋ ಸಿಕ್ಸ್ ಹೊಡೆದ. ಗೆಳೆಯ ಎರಡೂ ಕೈ ಎತ್ತಿದ. ಕಾಲಿನ ಹಗ್ಗ ಸಡಿಲಾಗಿದ್ದ ಕೋಳಿ ಮೈದಾನಕ್ಕೆ ಹಾರಿತು. "ಕೋಳಿಯ ಯಜಮಾನರು ಮೈದಾನಕ್ಕೆ ಬರಬೇಕು. ಇಲ್ಲಿ ನಡೆಯುವುದು ಕೋಳಿ ಕಾದಿಸುವ ಅಂಕ ಅಲ್ಲ" ಎಂದು ಮೈಕ್ ಕೂಗಿತು. ನಾವಿಬ್ಬರೂ ಓಡಿದೆವು. ನಮಗೆ ಅದು ಸಿಗಲಿಲ್ಲ.

ಆವರೆಗೆ ಎರಡು ಸುಲಭದ ಕ್ಯಾಚ್ ಬಿಟ್ಟಿದ್ದ ಫೀಲ್ಡರ್ ಕೋಳಿಯನ್ನು ಒಂದೇ ಕೈಯಲ್ಲಿ ಹಿಡಿದ.

ದಾನಿ

ಕೋಳಿ ಹಿಡಿದು ಬರುವಷ್ಟರಲ್ಲಿ ಮೈಕಿನವರು ನಮ್ಮ ಡಬ್ಬವನ್ನು ಎತ್ತಿ ತೋರಿಸುತ್ತಿದ್ದರು. ನಾನು ಇಟ್ಟದ್ದು ಏಲಂ ಮೇಜಿನ ಮೇಲೆ. ಮಂಡಲದ ಕಟ್ಟಡಕ್ಕೆಂದು ಊರವರು ಕೊಟ್ಟ ವಸ್ತುಗಳನ್ನು ಅಲ್ಲಿ ಹರಾಜು ಹಾಕುತ್ತಾರೆ. ಗೆದ್ದವರು ದೊಡ್ಡ ಮನಸ್ಸು ಮಾಡಿ ವಸ್ತುವನ್ನು ಹಿಂದೆ ಕೊಟ್ಟರೆ ಅದನ್ನೇ ಮತ್ತೊಮ್ಮೆ ಕೂಗುವುದು ಕ್ರಮ.

ಕೂಗಿ ಹೇಳುವ ಅಭ್ಯಾಸ ನನಗಿಲ್ಲ. ಒಬ್ಬ ಕಾರ್ಯಕರ್ತರ ಕಿವಿಯಲ್ಲಿ ಅದು ನನ್ನದು ಎಂದೆ. ಅವರು ಹೋಗಿ ಮೈಕಿನವರ ಕಿವಿಯಲ್ಲಿ ಹೇಳಿದರು. "ದಾನಿಗಳು ನಮ್ಮ ನಡುವೆಯೇ ಇದ್ದಾರೆ" ಎಂದು ಘೋಷಣೆಯಾಯಿತು. ನನಗೊಂದು ಶಾಲು ಹೊದೆಸಿ, ಕೈಗೆ ಸಿಹಿಗುಂಬಳ ಕೊಟ್ಟರು. ಶಾಲು ಹೊದ್ದ ಮೇಲೆ ಕೊಟ್ಟಿಲ್ಲ ಎನ್ನುವುದು ಹೇಗೆ?

ಉಳಿದದ್ದು ಒಂದೇ ದಾರಿ. ನಮ್ಮಿಬ್ಬರ ಜೇಬನ್ನೂ ಖಾಲಿ ಮಾಡಿ ಗೆಳೆಯ ಏಲಂ ಗೆದ್ದ. ಭಾರಿ ಚಪ್ಪಾಳೆ. ಮೈಕಿನವರು ಅವನ ಔದಾರ್ಯವನ್ನು ಹೊಗಳಿದರು, ಅವನ ತಂದೆಯನ್ನು ಹೊಗಳಿದರು, ಚಪ್ಪಲಿ ಅಂಗಡಿಯನ್ನೂ ಹೊಗಳಿದರು. ಗೆಳೆಯನ ಕಣ್ಣು ಒದ್ದೆಯಾಯಿತು. ಡಬ್ಬವನ್ನು ಎತ್ತಿ ಮಂಡಲಕ್ಕೇ ಹಿಂದೆ ಕೊಟ್ಟ.

ನಾನು ಅವನನ್ನೇ ನೋಡಿದೆ. "ಅಂಗಡಿಯ ಹೆಸರು ಹೇಳಿದರಲ್ಲ ಮಾರಾಯ" ಎಂದ.

ಹಂದಿ

ಎರಡನೆಯ ಸಲ ಅದು ಒಬ್ಬ ಹಿರಿಯರ ಪಾಲಾಯಿತು. ಗದ್ದೆಗೆ ಬರುವ ಹಂದಿಗಳನ್ನು ಹೆದರಿಸಲಿಕ್ಕೆ ಎಂದರು. ನಾನು ಅವರನ್ನು ಬದಿಗೆ ಕರೆದು ಎಲ್ಲವನ್ನೂ ಹೇಳಿದೆ. ಇಡೀ ವರ್ಷದಲ್ಲಿ ಅಷ್ಟು ಮಾತಾಡಿರಲಿಲ್ಲ. ದುಡ್ಡು ನಾಳೆ ತಂದುಕೊಡುತ್ತೇನೆ ಎಂದೂ ಹೇಳಿದೆ. ಅವರು ಶಾಂತವಾಗಿ ಕೇಳಿಸಿಕೊಂಡರು. ನೋಟ ಮಾತ್ರ ಗೆಳೆಯನ ಕಂಕುಳಿನ ಮೇಲಿತ್ತು. "ದುಡ್ಡು ಬೇಡ" ಎಂದರು.

ಸಾರು

ಭಾನುವಾರ ಭಾವ ಬಂದವರೇ ಗಿಟಾರ್ ಜೋಡಿಸಿ ನುಡಿಸಿದರು. ಪಕ್ಕದ ಮನೆಯ ನಾಯಿ ಓಡಿಹೋಯಿತು. ಭಾವನ ಮುಖ ಅರಳಿತು.

ಹೆಂಡತಿಗೆ ಕೋಳಿ ತಪ್ಪಿಸಿಕೊಂಡಿತು ಎಂದಷ್ಟೇ ಹೇಳಿದ್ದೆ. ಅದರಲ್ಲಿ ಅರ್ಧ ನಿಜವಿತ್ತು. ಕೋಳಿ ಸಾರಿಗೆ ಮಸಾಲೆ ಅರೆದಾಗಿತ್ತು, ಜೊತೆಗೆ ಗರಿಗರಿ ಒಣ ರೊಟ್ಟಿ ತಂದಾಗಿತ್ತು. ಅವಳು ನನ್ನೊಡನೆ ಮಾತಾಡದೆ ಆ ಮಸಾಲೆಗೆ ಸಿಹಿಗುಂಬಳ ಹಾಕಿದಳು.

ಭಾವ ರೊಟ್ಟಿ ಮುರಿದು, ಸಾರು ಸುರಿದುಕೊಂಡು, ಸೌಟಿನಿಂದ ಪಾತ್ರೆಯ ತಳ ಕೆದಕುತ್ತ ಮಾತಾಡಿದರು. "ಡಬ್ಬ ಮೊದಲಿಗಿಂತ ಚೆನ್ನಾಗಿ ಉಂಟಲ್ಲ ಭಾವ. ರಿಪೇರಿ ಮಾಡಿಸಿದ್ದೀರಿ, ನನಗೆ ಗೊತ್ತಾಯಿತು. ಸಂಕೋಚ ಬೇಡ. ಕಡೆಗೆ ಏನು ಕೊಟ್ಟಿರಿ, ಹೇಳಿ. ನಾನು ಕೊಡ್ತೇನೆ."

ಸೌಟು ಇನ್ನೊಂದು ಸುತ್ತು ಬಂತು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ನೀವು ಆಗಿನಿಂದ ಸಾರಿನಲ್ಲಿ ಹುಡುಕುತ್ತಾ ಇದ್ದೀರಲ್ಲ ಭಾವ," ಎಂದೆ, "ಅದನ್ನೇ ಕೊಟ್ಟದ್ದು."