ಬಿಡೆನಪ್ಪನ ಮನೆಯಲ್ಲಿ ಗಾಳಿಗೆ ಪ್ರವೇಶವಿಲ್ಲ

"ಇನ್ನು ಮೇಲೆ ಈ ಮನೆಯೊಳಗೆ ಗಾಳಿ ಬರಬೇಕಾದರೆ ನನ್ನ ಅಪ್ಪಣೆ ತಗೊಂಡೇ ಬರಬೇಕು," ಎಂದು ಬಿಡೆನಪ್ಪ ಶನಿವಾರ ಬೆಳಿಗ್ಗೆ ನಡುಮನೆಯಲ್ಲಿ ನಿಂತು ಘೋಷಿಸಿದ. ಕೈಯಲ್ಲಿ ಕತ್ತಿಯ ಬದಲು ಅಂಟುಪಟ್ಟಿಯ ಸುರುಳಿ ಇತ್ತು ಅನ್ನೋದನ್ನು ಬಿಟ್ಟರೆ, ಥೇಟ್ ದಂಡಯಾತ್ರೆಗೆ ಹೊರಟ ರಾಜನೇ.

ಬಿಡೆನಪ್ಪ ಅನ್ನೋದು ಹೆತ್ತವರು ಇಟ್ಟ ಹೆಸರಲ್ಲ. ಅಚ್ಚುಮನೆಯಲ್ಲಿ ಕರಡು ತಿದ್ದುವ ಕೆಲಸ ಆತನದು. ದೀರ್ಘ ಇರಬೇಕಾದ ಕಡೆ ಒಂದು ಕೊಂಬು ಗಿಡ್ಡವಾಗಿ ಕೂತಿದ್ದರೂ ಓಡುತ್ತಿರುವ ಯಂತ್ರ ನಿಲ್ಲಿಸಿ, ಬಿಡೆನಪ್ಪಾ ಬಿಡೆ, ಇದನ್ನು ಮಾತ್ರ ಬಿಡೆ ಎಂದು ಹಟ ಹಿಡಿಯುತ್ತಿದ್ದುದರಿಂದ ಜೊತೆಯವರು ದಯಪಾಲಿಸಿದ ಬಿರುದು. ಅವನೂ ಅದನ್ನು ಪದಕದ ಹಾಗೆ ಧರಿಸಿಕೊಂಡೇ ತಿರುಗುತ್ತಿದ್ದ.

ಮನೆಗೆ ಹೊಸ ಕಿಟಕಿ, ಹೊಸ ಬಾಗಿಲು ಕೂರಿಸಿ ಇನ್ನೂ ತಿಂಗಳಾಗಿರಲಿಲ್ಲ. ಬಿಳಿ ಚೌಕಟ್ಟು, ದಪ್ಪ ಗಾಜು, ಮುಟ್ಟಿದರೆ ಕೊಳೆಯಾಗುತ್ತೇನೋ ಅನ್ನುವಷ್ಟು ಚಂದ. ಆದರೆ ಮುಚ್ಚಿ ಚಿಲಕ ಹಾಕಿದ ಮೇಲೂ ಅಂಚಿನ ಸಂದಿಯಿಂದ ಗಾಳಿ ನುಗ್ಗುತ್ತಿತ್ತು. ಸುಮ್ಮನೆ ನುಗ್ಗಿದ್ದರೆ ಹೋಗಲಿ, ಬೀದಿ ಪುಂಡನ ಹಾಗೆ ಶಿಳ್ಳೆ ಹಾಕಿಕೊಂಡೇ ಒಳಗೆ ಬರುತ್ತಿತ್ತು. ಪರದೆ ತಾನಾಗಿ ಕುಣಿಯುತ್ತಿತ್ತು. ಬಿಡೆನಪ್ಪ ಇನ್ನೂ ಮೊದಲ ಪುಟ ಓದುತ್ತಿರುವಾಗಲೇ ಪತ್ರಿಕೆ ಕ್ರೀಡಾಪುಟಕ್ಕೆ ಹೋಗಿ ಕೂತಿರುತ್ತಿತ್ತು.

ಅಷ್ಟಾಗಿದ್ದರೆ ಸಹಿಸಬಹುದಿತ್ತು. ಕಿಟಕಿಯ ಪಕ್ಕದ ಕುರ್ಚಿ ಅವನ ಹೆಂಡತಿಯ ತಾಯಿಯದು. ತಣ್ಣನೆಯ ಗಾಳಿ ನೇರ ಹೋಗಿ ಅವರ ಭುಜಕ್ಕೆ ಬಡಿದು, ಭುಜ ಹಿಡಿದುಕೊಂಡಿತ್ತು. ಸುದ್ದಿ ತಿಳಿದ ಭಾವಮೈದುನ ಫೋನ್ ಮಾಡಿ, ಶನಿವಾರ ಮಧ್ಯಾಹ್ನ ಬಂದು ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ, ಇನ್ನು ಅವರು ನಮ್ಮ ಮನೆಯಲ್ಲೇ ಇರಲಿ, ನಮ್ಮಲ್ಲಿ ಗಾಳಿಯ ಕಾಟ ಇಲ್ಲ ಎಂದುಬಿಟ್ಟ.

ಬೇರೆ ಅಳಿಯನಾಗಿದ್ದರೆ ಒಳಗೊಳಗೇ ಹಿಗ್ಗಿ ಅತ್ತೆಯ ಚೀಲ ತಾನೇ ತುಂಬಿಕೊಡುತ್ತಿದ್ದ. ಬಿಡೆನಪ್ಪನಿಗೆ ಅವರು ಹೋಗುವುದೇ ಬೇಡವಾಗಿತ್ತು. ಯಾಕೆಂದರೆ ಅವನ ಮಾತು ಕೇಳುವ ಏಕೈಕ ಜೀವ ಅದು. ಹೆಂಡತಿ ಶಾಲೆಯಲ್ಲಿ ಟೀಚರು. ದಿನವಿಡೀ ಗದ್ದಲ ಕೇಳಿ ಬಂದವಳು ಇವನು ಬಾಯಿ ತೆರೆದರೆ ಅಡುಗೆಮನೆಗೆ ನಡೆದುಬಿಡುತ್ತಿದ್ದಳು. ಅಚ್ಚುಮನೆಯಲ್ಲಿ ಇವನು ಹತ್ತಿರ ಬಂದರೆ ಸಾಕು, ಎಲ್ಲರಿಗೂ ಒಮ್ಮೆಲೇ ಕೆಲಸ ನೆನಪಾಗುತ್ತಿತ್ತು. ಅತ್ತೆ ಮಾತ್ರ ಹಾಗಲ್ಲ. ಇವನು ಬೆಳಿಗ್ಗೆ ಪತ್ರಿಕೆ ಬಿಡಿಸಿ, ಮಂತ್ರಿಯಿಂದ ಹಿಡಿದು ಮೋರಿ ಕಟ್ಟಿದವನವರೆಗೆ ಒಬ್ಬೊಬ್ಬರನ್ನೂ ಎಳೆದು ನಿಲ್ಲಿಸಿ ಜಾಡಿಸುತ್ತಿದ್ದರೆ, ಅವರು ಹೂಂ, ಹೂಂ ಎಂದು ತಲೆದೂಗುತ್ತಿದ್ದರು. ಆ ತಲೆದೂಗುವಿಕೆಯ ಬಲದಲ್ಲೇ ಬಿಡೆನಪ್ಪ ಇಡೀ ದಿನ ಲೋಕವನ್ನು ಎದುರಿಸುತ್ತಿದ್ದ. ಅದೇ ಹೊರಟುಹೋದರೆ?

ಶನಿವಾರ ಬೆಳಗಾಗುತ್ತಲೇ, ಕಿಟಕಿ ಕೂರಿಸಿದವನಿಗೆ ಫೋನ್ ಮಾಡಿ ಎಂದು ಹೆಂಡತಿ ಹೇಳಿದಳು. ಮಾಡಿದ. ಗಾಳಿ ಬರುತ್ತಿದೆ ಎಂದು ಇವನು ಹೇಳುವುದೇ ತಡ, ಆ ಕಡೆಯಿಂದ ತಣ್ಣಗೆ ಬಂತು ಉತ್ತರ:

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್."

ಮುಗಿಯಿತು. ಜಗತ್ತಿನಲ್ಲಿ ಬಿಡೆನಪ್ಪನಿಗೆ ಆಗದ ಮಾತು ಒಂದಿದ್ದರೆ ಅದು ಇದೇ. ಅವನ ಕೋಪದಲ್ಲಿ ಹುರುಳಿಲ್ಲ ಅನ್ನಬೇಡಿ. ಮೂವರ ಸೀಟಿಗೆ ನಾಲ್ಕನೆಯವನನ್ನು ತುರುಕುವುದು ಈ ಮಾತೇ. ಸೋರುವ ತರಗತಿಯ ಮೂಲೆಗೆ ಮಕ್ಕಳನ್ನು ಸರಿಸುವುದು ಈ ಮಾತೇ. ಒಂದು ಹಾಸಿಗೆಯಲ್ಲಿ ಇಬ್ಬರು ರೋಗಿಗಳನ್ನು ಮಲಗಿಸುವುದೂ ಇದೇ. ತಪ್ಪು ಮಾಡಿದವನು ನೆಟ್ಟಗೆ ನಿಂತು, ತಪ್ಪು ಅನುಭವಿಸುವವನು ಸೊಟ್ಟಗಾಗಬೇಕು. ಅದಕ್ಕಿಟ್ಟ ಮುದ್ದಿನ ಹೆಸರು ಅಡ್ಜಸ್ಟ್. ಇಷ್ಟನ್ನೂ ಬಿಡೆನಪ್ಪ ಫೋನಿಗೆ ಹೇಳಿ, ಆ ಕಡೆಯವನು ಸಾರ್ ಸಾರ್ ಅನ್ನುತ್ತಿರುವಾಗಲೇ ಕುಕ್ಕಿಟ್ಟ. ಇನ್ನು ಆ ಮನುಷ್ಯನ ನೆರಳೂ ಈ ಮನೆಗೆ ಬೀಳಕೂಡದು, ನಾನೇ ಮಾಡುತ್ತೇನೆ ಎಂದ. ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಶಾಲೆಗೆ ಹೊರಟಳು.

ಯುದ್ಧ ಶುರುವಾಯಿತು. ಮೊದಲು ಸಂದಿಗೆ ಹಳೆಯ ಪತ್ರಿಕೆ ತುರುಕಿದ. ಶಿಳ್ಳೆ ಹಾಕುತ್ತಿದ್ದ ಗಾಳಿ ಪಟಪಟ ಚಪ್ಪಾಳೆ ತಟ್ಟತೊಡಗಿತು. ಹರಿದ ಬನಿಯನ್ ಸುರುಳಿ ಸುತ್ತಿ ಒತ್ತಿದ. ಗಾಳಿ ಬನಿಯನ್ನಿನ ವಾಸನೆಯನ್ನೂ ಸೇರಿಸಿಕೊಂಡು ಬಂತು. ಅತ್ತೆ ಮೂಗು ಮುಚ್ಚಿಕೊಂಡರು. ಅಂಟುಪಟ್ಟಿ ಎಳೆದು ಹಚ್ಚಿದ. ಅದು ಚೌಕಟ್ಟಿಗಿಂತ ಅವನ ಮೊಣಕೈಯನ್ನೇ ಹೆಚ್ಚು ಪ್ರೀತಿಸಿತು. ಕೊನೆಗೆ ಓಡಿಹೋಗಿ ಹಾರ್ಡ್‌ವೇರ್ ಅಂಗಡಿಯಿಂದ ಫೋಮ್ ಡಬ್ಬ ತಂದ. ಒತ್ತಿದರೆ ನೊರೆ ಬರುತ್ತದೆ, ಒಣಗಿದರೆ ಕಲ್ಲಾಗುತ್ತದೆ. ಕಮ್ಮಿ ಹಾಕಿ, ಆಮೇಲೆ ಉಬ್ಬುತ್ತೆ ಎಂದು ಅಂಗಡಿಯವನು ಹೇಳಿದ್ದ. ತನ್ನ ಸರಕನ್ನೇ ಕಮ್ಮಿ ಬಳಸಿ ಅನ್ನುವ ವ್ಯಾಪಾರಿಯನ್ನು ನಂಬುವುದಾದರೂ ಹೇಗೆ? ಬಿಡೆನಪ್ಪ ಇನ್ನೊಂದು ಡಬ್ಬವನ್ನೂ ಹೊತ್ತು ತಂದ.

ಕಿಟಕಿಯ ನಾಲ್ಕು ಅಂಚಿಗೂ ಸುರಿದ. ಕೈ ಪಳಗಿತ್ತು, ಡಬ್ಬದಲ್ಲಿ ಇನ್ನೂ ಇತ್ತು. ಮನೆಗಿದ್ದ ಒಂದೇ ಬಾಗಿಲಿನ ಸುತ್ತಲೂ, ಅಡಿಯ ಸಂದಿಗೂ ಸುರಿದ. ನೊರೆ ಹಬೆಗಿಟ್ಟ ಹಿಟ್ಟಿನ ಹಾಗೆ ಉಬ್ಬಿತು, ಉಕ್ಕಿತು, ಚಿಲಕವನ್ನು ನುಂಗಿತು, ಹಿಡಿಯನ್ನು ಅರ್ಧ ನುಂಗಿತು, ಆಮೇಲೆ ಕಲ್ಲಾಗಿ ಕೂತಿತು.

ಶಿಳ್ಳೆ ನಿಂತಿತು. ಬೀದಿಯ ಸದ್ದೂ ನಿಂತಿತು. ಗೋಡೆ ಗಡಿಯಾರ ಟಿಕ್ಕೆನ್ನುವುದೂ ಕೇಳುವಂಥ ನಿಶ್ಶಬ್ದ. ಬಿಡೆನಪ್ಪ ಎದೆಯುಬ್ಬಿಸಿ ಅತ್ತೆಯ ಎದುರು ಕೂತು, ಭುಜ ಹೇಗಿದೆ ಎಂದು ಕೇಳಿ, ಆರಾಮ ಎಂಬ ಉತ್ತರ ಪಡೆದು, ಇನ್ನು ನೀವು ಎಲ್ಲಿಗೂ ಹೋಗಬೇಕಾಗಿಲ್ಲ ಎಂದು ಪತ್ರಿಕೆ ಬಿಡಿಸಿದ. ಅವತ್ತು ಅವನ ವಾಗ್ಝರಿಗೆ ತಡೆಯೇ ಇರಲಿಲ್ಲ. ಅತ್ತೆ ಮಾತ್ರ ಯಾಕೋ ಹೂಂ ಅನ್ನಲಿಲ್ಲ. ಒಂದೆರಡು ಸಲ ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡರು. ಭುಜದ ನೋವು ಇಳಿದ ಸುಖ ಇರಬೇಕು ಎಂದುಕೊಂಡ.

ಆಗ ಕಿಟಕಿಯ ಗಾಜಿನಾಚೆ ಹೆಂಡತಿಯ ಮುಖ ಕಂಡಿತು. ಪಕ್ಕದಲ್ಲಿ ಭಾವಮೈದುನ. ಹಿಂದೆ, ನೆರಳೂ ಬೀಳಬಾರದು ಅಂದಿದ್ದ ಆ ಮನುಷ್ಯ. ಶಾಲೆಯಿಂದಲೇ ಫೋನ್ ಮಾಡಿ ಅವನನ್ನು ಅವಳೇ ಕರೆಸಿದ್ದಳು. ಮೂವರ ಬಾಯಿಯೂ ಆಡುತ್ತಿತ್ತು, ಒಂದಕ್ಷರವೂ ಒಳಗೆ ಬರುತ್ತಿರಲಿಲ್ಲ. ಬಿಡೆನಪ್ಪ ತನ್ನ ಕೆಲಸದ ಗಟ್ಟಿತನಕ್ಕೆ ತಾನೇ ಬೆರಗಾದ. ಬಾಗಿಲು ತೆಗೆಯಿರಿ ಎಂದು ಹೆಂಡತಿ ಕೈಸನ್ನೆ ಮಾಡಿದಳು. ಹೋಗಿ ಎಳೆದ. ಬಾಗಿಲು ಗೋಡೆಯ ಸ್ವಂತ ಮಗುವಿನಂತೆ ಅಂಟಿಕೊಂಡಿತ್ತು. ಕಾಲು ಕೊಟ್ಟು ಎಳೆದ. ಹಿಡಿ ಕಿತ್ತು ಕೈಗೆ ಬಂತು.

ಗಾಜಿನಾಚೆ ನಿಂತೇ ಹೆಂಡತಿ ಫೋನ್ ಮಾಡಿ, ಮಾತಾಡಿ ಎಂದು ಕಿಟಕಿಯವನ ಕೈಗೆ ಕೊಟ್ಟಳು.

"ಸಾರ್, ನಾನು ಅಡ್ಜಸ್ಟ್ ಮಾಡ್ಕೊಳ್ಳಿ ಅಂದಿದ್ದು ಚಿಲಕದ ಪಕ್ಕದ ಸ್ಕ್ರೂನ. ಒಂದು ಸುತ್ತು ತಿರುಗಿಸಿದ್ರೆ ಕಿಟಕಿ ರಬ್ಬರಿಗೆ ಒತ್ಕೊಂಡು ಕೂರುತ್ತೆ. ಅಷ್ಟರಲ್ಲಿ ನೀವು ಇಟ್ಬಿಟ್ರಿ."

ಬಿಡೆನಪ್ಪನ ಕಿವಿ ಕೆಂಪಾಯಿತು. ಆದರೆ ಬಗ್ಗುವ ಆಸಾಮಿಯೇ?

"ಸ್ಕ್ರೂ ಅನ್ನೋ ಪದ ಎಲ್ಲಿತ್ತಯ್ಯಾ? ಕರ್ಮಪದ ಇಲ್ಲದ ವಾಕ್ಯ ಒಂದು ವಾಕ್ಯವಾ? ಅದಿರಲಿ, ಒಂದು ಸುತ್ತಿನ ಕೆಲಸ, ಕೂರಿಸಿದ ದಿನ ನೀನೇ ಯಾಕೆ ತಿರುಗಿಸಲಿಲ್ಲ?"

ಆ ಮನುಷ್ಯ ಆಕಾಶ ನೋಡಿದ. ಗೆದ್ದೆ ಅಂದುಕೊಂಡ ಬಿಡೆನಪ್ಪ, ಗೆದ್ದಿದ್ದೂ ನಿಜ. ಗೆದ್ದವನು ಒಳಗೆ ಬಂದಿಯಾಗಿದ್ದ, ಅಷ್ಟೇ.

ಭಾವಮೈದುನ ಅಮ್ಮನ ಹತ್ತಿರ ಮಾತಾಡಬೇಕು ಅಂದ. ಬಿಡೆನಪ್ಪ ಸ್ಪೀಕರ್ ಹಾಕಿ ಹಿಡಿದ. ಈಗ ತೀರ್ಪು. ಅಮ್ಮ, ಭುಜ ನೋವಿಲ್ಲ ತಾನೇ, ಇಲ್ಲೇ ಇರ್ತೀಯೋ ನಮ್ಮ ಜೊತೆ ಬರ್ತೀಯೋ ಎಂದು ಮಗ ಕೇಳಿದ. ಬಿಡೆನಪ್ಪ ಫೋನನ್ನು ಅತ್ತೆಯ ಬಾಯಿಗೆ ಇನ್ನಷ್ಟು ಹತ್ತಿರ ತಂದ.

"ಇಲ್ಲೇ ಇರ್ತೀನಪ್ಪಾ," ಎಂದರು ಅತ್ತೆ. ಅಳಿಯನ ಮುಖ ಅರಳಿತು. "ಆದ್ರೆ ಈ ಕಿಟಕೀನ ಮೊದಲಿನ ಹಾಗೇ ಮಾಡಿಸು. ಹಳೇ ಕಿಟಕಿ ಇದ್ದಾಗ ಬೀದಿ ಗಲಾಟೆ, ಆಮೇಲೆ ಗಾಳಿ ಶಿಳ್ಳೆ, ಇವರ ಮಾತು ಏನೂ ಕೇಳ್ತಿರ್ಲಿಲ್ಲ. ಪಾಪ ಅಂತ ತಲೆ ಆಡಿಸ್ತಿದ್ದೆ. ಇವತ್ತೇ ಪೂರ್ತಿ ಕೇಳಿಸಿದ್ದು. ಅಳಿಯಂದ್ರು ಹೇಳಿದ್ರಲ್ಲಿ ನಂಗೆ ಒಂದೂ ಒಪ್ಪಿಗೆಯಿಲ್ಲ."

ಗಡಿಯಾರ ಟಿಕ್ಕೆಂದಿತು. ಬಿಡೆನಪ್ಪ ಅಡುಗೆಮನೆಗೆ ಹೋಗಿ ತರಕಾರಿ ಚಾಕು ತಂದ. ನಾನು ತುಂಬಿದ್ದನ್ನು ನಾನೇ ಕೊಯ್ಯುತ್ತೇನೆ, ಯಾರ ಸಹಾಯವೂ ಬೇಡ ಎಂದು ಫೋನಿಗೆ ಗದರಿ, ನೇರ ಕಿಟಕಿಯ ಅಂಚಿಗೆ ಚಾಕು ಹಾಕಿದ.

"ರೀ, ಮೊದಲು ಬಾಗಿಲು ಕೊಯ್ಯಿರಿ," ಎಂದು ಹೊರಗಿನಿಂದ ಹೆಂಡತಿ ಫೋನಿನಲ್ಲಿ ಕೂಗಿಕೊಂಡಳು. "ನಾನು ಒಳಗೆ ಬರೋದು ಬೇಡ್ವಾ?"

ಅತ್ತೆ ಫೋನಿನತ್ತ ಬಗ್ಗಿ ಮೆಲ್ಲಗೆ ಅಂದರು:

"ಅವಸರ ಮಾಡ್ಬೇಡ ಕಣೇ. ಪುಣ್ಯವಂತೆ, ಹೊರಗಿದ್ದೀಯ."