ಪ್ರಭಾವಳಿಯ ಹಿಂದಿನ ವೈಫೈ ಡಬ್ಬಿ

ಹೆದರುವುದಕ್ಕೆ ನನಗೆ ದೊಡ್ಡ ಕಾರಣ ಬೇಕಿಲ್ಲ. ಕುಕ್ಕರಿನ ಮೂರನೆಯ ಸೀಟಿ ತಡವಾದರೂ ಬೆಟ್ಟದ ದೇವರು ಮಾದಪ್ಪನನ್ನು ಕರೆಯುವವಳು ನಾನು. ಹಾಗಿರುವಾಗ ಮಗಳು ಗೌರಿಯನ್ನು ಚೊಚ್ಚಲ ಹೆರಿಗೆಗೆ ನಮ್ಮವರು ಕಾಮಗೆರೆಯ ಆಸ್ಪತ್ರೆಗೆ ಕರೆದೊಯ್ದ ದಿನ, ಸೊಂಟ ಮುರಿದು ಮಲಗಿದ್ದ ಅತ್ತೆಯವರನ್ನು ಬಿಡಲಾಗದೆ ಕೊಳ್ಳೇಗಾಲದ ಮನೆಯಲ್ಲೇ ಉಳಿದ ನನ್ನ ಎದೆಬಡಿತವನ್ನು ನೀವೇ ಊಹಿಸಿಕೊಳ್ಳಿ.

ನಮ್ಮದು ದಪ್ಪ ಗೋಡೆಯ ಹಳೇ ಮನೆ. ಒಳಗೆ ಸಿಗ್ನಲ್ ಸಿಗದು. ಮಾತೆಲ್ಲ ವೈಫೈ ಮೇಲೆ. ನಡುಮನೆಯಲ್ಲೊಂದು ಡಬ್ಬಿ, ಅಡುಗೆಮನೆಗೂ ಸಿಗಲೆಂದು ಪಕ್ಕದ ದೇವರಮನೆಯಲ್ಲಿ ಇನ್ನೊಂದು. ಅಂದು ಕರೆಂಟು ಇದ್ದದ್ದೇ ಪುಣ್ಯ. ನಡುಮನೆಯಲ್ಲಿ ಅತ್ತೆಯವರಿಗೆ ಗಂಜಿ ಕುಡಿಸುತ್ತಿದ್ದಾಗ ನಮ್ಮವರ ಫೋನು ಬಂತು. ಒಲೆಯ ಮೇಲೆ ಹಾಲು. ಮಾತಾಡುತ್ತಲೇ ಅಡುಗೆಮನೆಗೆ ಓಡಿದೆ.

"ಡಾಕ್ಟ್ರು ಯೋಳುದ್ರು ಕಣಮ್ಮಿ, ಮಗೀಗೆ ಕರುಳು..." ಎಂದಲ್ಲಿಗೆ ದನಿ ನಿಂತುಹೋಯಿತು.

ಕರುಳು ಏನಾಯಿತು? ಹಾಲು ಉಕ್ಕಿ ಚೆಲ್ಲಿತು. ಚೆಲ್ಲಿದ್ದು ಹಾಲಷ್ಟೇ ಆಗಿರಲಿ ಎಂದು ಬೇಡಿಕೊಂಡೆ. ನಡುಮನೆಗೆ ಬಂದು ಫೋನು ಮಾಡಿದರೆ ಅವರು ಎತ್ತಲೊಲ್ಲರು. ಅಲ್ಲೇ ಕೂತು ಕಾಯಬಹುದಿತ್ತು. ಆದರೆ ಹೆದರಿದಾಗ ನನಗೆ ಕೂರಲು ಬಾರದು. ಎದುರುಮನೆಯಲ್ಲಿ ಕೇಬಲ್ ಕೆಲಸದ ಶಿವಮಲ್ಲಪ್ಪನವರಿದ್ದಾರೆ. ಅವರನ್ನು ಕೂಗಿ ಕರೆದೆ.

ಅವರು ದೇವರಮನೆಗೆ ಇಣುಕಿ, ಡಬ್ಬಿ ಎಲ್ಲಿ ಎಂದರು. ಆಯುಧಪೂಜೆಯಂದು ಅದಕ್ಕೂ ವಿಭೂತಿ ಹಚ್ಚಿ, ದೇವರ ಆಸರೆಯಲ್ಲಿರಲೆಂದು ಹಿತ್ತಾಳೆ ಪ್ರಭಾವಳಿಯ ಹಿಂದೆ ಇಟ್ಟಿದ್ದೆ. ಅಂದಿನಿಂದ ಅಡುಗೆಮನೆಯಲ್ಲಿ ಮಾತು ಕಡಿಯುತ್ತಿದ್ದದ್ದು ನಿಜ, ಗ್ರಹಚಾರ ಎಂದುಕೊಂಡಿದ್ದೆ.

"ಪೋನು ಮೊದ್ಲು ಇಡ್ಕಂಡಿದ್ ಡಬ್ಬವ ಸಲೀಸಾಗಿ ಬುಡಕಿಲ್ಲ ಕಣವ್ವ. ಇನ್ನೊಂದು ಡಬ್ಬ ಗಟ್ಟಿಯಾಗಿ ಸಿಕ್ಕುದ್ರೆ ಅತ್ತಗೆ ದಾಟ್ಕತದೆ. ನೀವು ಇತ್ತಾಳೆ ಇಂದೆ ಅವ್ಸಿ ಮಡಗುದ್ರೆ ಅದಾದ್ರೂ ಏನ್ಮಾಡದು?"

ಕೆನ್ನೆ ಬಡಿದುಕೊಂಡು ಡಬ್ಬಿಯನ್ನು ದೇವರಮನೆ ಬಾಗಿಲ ಮೇಲಿನ ಹಲಗೆಗೆ ಏರಿಸಿದೆವು. ಅರ್ಧ ಗಂಟೆಗೆ ಮತ್ತೆ ಫೋನು. ನಡುಮನೆಯಿಂದ ಅಡುಗೆಮನೆಯವರೆಗೆ ಮಾತಾಡುತ್ತಲೇ ನಡೆದೆ; ಒಂದಕ್ಷರ ಕಡಿಯಲಿಲ್ಲ. ಮಗುವಿನ ಕತ್ತಿಗೆ ಹೊಕ್ಕುಳ ಕರುಳು ಸುತ್ತಿತ್ತಂತೆ, ಆಪರೇಷನ್ ಮಾಡಿ ತೆಗೆದರಂತೆ, ಗಂಡುಮಗು, ಇಬ್ಬರೂ ಕ್ಷೇಮ. ಒಲೆಯ ಮುಂದೆಯೇ ಕೂತು ಅತ್ತುಬಿಟ್ಟೆ.

ದಾರಿ ಸಲೀಸಾದ ಮೇಲೆ ನನ್ನ ಭಯವೂ ಮನೆತುಂಬ ಓಡಾಡಿಕೊಂಡೇ ಮಾತಾಡುತ್ತದೆ. ಮಗು ಯಾಕೆ ಸೀನಿತು? ಬೆಳಗಿನಿಂದ ಯಾಕೆ ಸೀನಿಲ್ಲ? ನಿನ್ನೆ ಆಸ್ಪತ್ರೆಯಿಂದ ಗೌರಿ, "ಅವ್ವ, ಮಗ ಮಲಿಕಂಡದೆ, ನಾನೂ ಒಸಿ ಮಲಿಕತೀನಿ" ಎಂದಳು. ಉಸಿರಾಡುತ್ತಿದೆಯೇ ನೋಡು ಎನ್ನುವಷ್ಟರಲ್ಲಿ ಮಾತು ನಿಂತಿತು. ಶಿವಮಲ್ಲಪ್ಪನವರನ್ನು ಕೂಗಲು ಹೊರಟವಳು ದೇವರಮನೆ ಬಾಗಿಲಲ್ಲಿ ತಲೆಯೆತ್ತಿ ನೋಡಿದೆ. ಡಬ್ಬಿಯ ಹಸಿರು ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಕಟ್ ಮಾಡಿದವಳು ಮಗಳು.